ಕಡಲೆಕಾಯಿ ಹೂವಿಗೆ ಕಟ್ಟಿದ ದಾರ

ನಮ್ಮ ಮನೆಯಲ್ಲಿ ಮಡಿ ಮಾಡುವವರು ಇಬ್ಬರು. ಒಬ್ಬರು ಎಂಬತ್ತು ದಾಟಿದ ನನ್ನ ಅತ್ತೆ. ಅವರ ಮಡಿ ಎಷ್ಟು ಬಿಗಿಯೆಂದರೆ, ಅವರು ಮಡಿಯುಟ್ಟು ಹೊರಟರೆ ಬೀಸುವ ಗಾಳಿಯೂ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಆದರೆ ಅತ್ತೆಯನ್ನು ಮೀರಿಸಿದವಳು ಇನ್ನೊಬ್ಬಳಿದ್ದಾಳೆ. ಅವಳಿಗೆ ಏಕಾದಶಿ ಇಲ್ಲ, ಸಂಕಷ್ಟಿ ಯಾವತ್ತೆಂದು ಗೊತ್ತಿಲ್ಲ, ದೇವರ ಮನೆಯ ಮುಂದೆ ಹಾದುಹೋಗುವಾಗ ಎಡಗೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಬಲಗೈಯಲ್ಲಿ ಕೆನ್ನೆ ತಟ್ಟಿಕೊಂಡು ಹೋಗುತ್ತಾಳೆ. ಅವಳ ಮಡಿಯ ಮುಂದೆ ಅತ್ತೆಯ ಮಡಿ ಮಕ್ಕಳಾಟ ಎಂದರೆ ನೀವು ನಂಬುತ್ತೀರಾ?

ಅವಳು ನನ್ನ ನಾದಿನಿ, ಯಜಮಾನರ ತಂಗಿ. ಮದುವೆಯಾಗಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾಳೆ. ನಮ್ಮ ಜೊತೆಗೇ ಎನ್.ಆರ್. ಕಾಲೋನಿಯ ಈ ಹಳೆಯ ಮನೆಯಲ್ಲಿದ್ದಾಳೆ. ಐವತ್ತು ಹತ್ತಿರವಾದಾಗ ಉಳಿದವರು ಮಂಡಿನೋವಿನ ಎಣ್ಣೆ ಹುಡುಕುತ್ತಾರೆ, ಇವಳು ಪಿಎಚ್‌ಡಿಗೆ ಸೇರಿದಳು. ಅಂದಿನಿಂದ ನಮ್ಮ ಮನೆಗೆ ಎರಡನೆಯ ಮಡಿ ಬಂತು.

ಊಟದ ಮೇಜನ್ನು ನಾನು ಒರೆಸಿದರೆ ಸಾಲದು, ಅವಳು ಸ್ಪಿರಿಟ್ ಹಾಕಿ ಇನ್ನೊಮ್ಮೆ ಒರೆಸುತ್ತಾಳೆ. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು. ತನ್ನ ಪುಟ್ಟ ಪುಟ್ಟ ಪ್ಲಾಸ್ಟಿಕ್ ಕೊಳವೆಗಳನ್ನು ಮೇಜಿನ ಮೇಲೆ ಜೋಡಿಸಿದಳೆಂದರೆ ಅತ್ತ ಯಾರೂ ಸುಳಿಯುವ ಹಾಗಿಲ್ಲ.

"ಮುಟ್ಬೇಡಿ ಅತ್ತಿಗೆ!"

"ಸ್ನಾನ ಆಗಿದೆ ಕಣೇ."

"ಸ್ನಾನ ಮಾಡಿದ್ರೂ ಆ ಕಿಣ್ವ ಹೋಗಲ್ಲ. ನಿಮ್ಮ ಕೈಲಿದೆ, ನನ್ನ ಕೈಲೂ ಇದೆ. ಬೆವರಲ್ಲಿದೆ, ಎಂಜಲಲ್ಲಿದೆ. ಮಾತಾಡಿದ್ರೂ ಹಾರತ್ತೆ. ನನ್ನ ಗಿಡದ ಆರ್‌ಎನ್‌ಎನ ತಿಂದು ಹಾಕ್ಬಿಡತ್ತೆ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು. "ನಾನು ಎಂಜಲು ಅಂದ್ರೆ ನಗಾಡ್ತಿದ್ಲು. ಈಗ ಅವಳೇ ಎಂಜಲು ಅಂತಾಳೆ. ಇದಕ್ಕೆ ಕಾಲೇಜಿಗೆ ಹೋಗ್ಬೇಕಿತ್ತಾ?"

ಒಂದು ದಿನ ಕೆಲಸಕ್ಕೆ ಬರುವ ಹೆಂಗಸು, ಪಾಪ, ಇವಳು ಕಸದ ಬುಟ್ಟಿಗೆ ಹಾಕಿದ್ದ ಗ್ಲೌಸುಗಳನ್ನೆಲ್ಲ ಸೋಪಿನಲ್ಲಿ ತೊಳೆದು ಬಟ್ಟೆ ಹರವುವ ತಂತಿಯ ಮೇಲೆ ಸಾಲಾಗಿ ನೇತುಹಾಕಿದ್ದಳು. ಗಾಳಿ ಬೀಸಿದಾಗ ನೀಲಿ ಕೈಗಳೆಲ್ಲ ಒಟ್ಟಿಗೆ ಬೀದಿಯವರಿಗೆ ಟಾಟಾ ಮಾಡುತ್ತಿದ್ದವು. ಸಂಜೆಯೊಳಗೆ ಒಣಗಿದ್ದು ದೇವರ ದಯೆ. ಇಲ್ಲದಿದ್ದರೆ ಸಂಜೆ ಸತ್ಸಂಗಕ್ಕೆ ಬಂದವರಿಗೆ ನಾನು ಏನೆಂದು ಹೇಳಬೇಕಿತ್ತು?

ಇಂಥವಳಿಗೆ ಮದುವೆ ಯಾಕೆ ಆಗಲಿಲ್ಲ ಎಂದು ನೀವು ಕೇಳಬಹುದು. ಒಮ್ಮೆ ಆಗುವುದರಲ್ಲಿತ್ತು. ನಾನು ಈ ಮನೆಗೆ ಹೊಸದಾಗಿ ಬಂದ ಕಾಲ. ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಭಾತು ನಾನೇ ಮಾಡಿದ್ದೆ. ಹುಡುಗ ಮರ್ಯಾದಸ್ಥ. "ನೀವು ಏನು ಓದ್ತಿದೀರಿ?" ಎಂದು ಕೇಳಿದ. ಅಷ್ಟೇ ಅವನು ಮಾಡಿದ ತಪ್ಪು. ಇವಳು ಎದ್ದುಹೋಗಿ ಬಾಗಿಲ ಪಕ್ಕದ ದಾಸವಾಳ ಕಿತ್ತು ತಂದಳು, ಉಗುರಲ್ಲಿ ಉದ್ದಕ್ಕೆ ಸೀಳಿ, ಹುಡುಗನ ತಾಯಿಯ ಮೂಗಿನ ಹತ್ತಿರ ಹಿಡಿದಳು. "ನೋಡಿ, ಇದು ಅಂಡಾಶಯ. ಇದರೊಳಗೆ..." ಎಂದು ಶುರುಮಾಡಿದವಳು ಮುಗಿಸುವ ಹೊತ್ತಿಗೆ ಹುಡುಗನ ತಂದೆ ಚಪ್ಪಲಿ ಮೆಟ್ಟಿಕೊಂಡಿದ್ದರು. ಕೇಸರಿಭಾತು ಪೂರ್ತಿ ಉಳಿಯಿತು. ತುಪ್ಪ ಚೆನ್ನಾಗಿ ಬಿದ್ದಿತ್ತು, ಮರುದಿನವೂ ಕೆಡಲಿಲ್ಲ. ಅಷ್ಟರ ಮಟ್ಟಿಗೆ ನಷ್ಟವಾಗಲಿಲ್ಲ ಎನ್ನಿ.

ಅಂದಿನಿಂದ ಅವಳ ಕಣ್ಣಿಗೆ ತರಕಾರಿ ತರಕಾರಿಯಲ್ಲ, ಗಿಡದ ಅಂಗ. ಹುಳಿಯಲ್ಲಿ ಮೂಲಂಗಿ ಹಾಕಿದರೆ "ಇವತ್ತು ಬೇರಿನ ಹುಳೀನಾ ಅತ್ತಿಗೆ?" ಎನ್ನುತ್ತಾಳೆ. ಹೂಕೋಸು ಹೂವು, ನವಿಲುಕೋಸು ಕಾಂಡ, ಅವರೆಕಾಳು ಬೀಜ. ಮದುವೆ ಊಟಕ್ಕೆ ಕೂತರೆ ಎಲೆಯ ಮೇಲಿದ್ದುದನ್ನೆಲ್ಲ ಅಂಗಾಂಗ ವಿಂಗಡಿಸಿಯೇ ಬಾಯಿಗೆ ಇಡುವುದು. ಒಮ್ಮೆ ಪಕ್ಕದಲ್ಲಿ ಕೂತ ಮುದುಕರೊಬ್ಬರು ಕೇಳಿಬಿಟ್ಟರು, "ಏನಮ್ಮಾ, ಹೋಳಿಗೆ ಯಾವ ಅಂಗ?" ಅವಳು ಗಂಭೀರವಾಗಿ ಯೋಚಿಸಿ, "ಎಲ್ಲಾ ಬೀಜಾನೇ ಸಾರ್. ಬೆಲ್ಲ ಮಾತ್ರ ಕಾಂಡ" ಎಂದಳು. ಮುದುಕರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಇನ್ನು ಅವಳ ಪಿಎಚ್‌ಡಿ ಏನು ಎನ್ನುವುದು. ನನಗೆ ಅರ್ಥವಾಗಲು ಒಂದು ಶ್ರಾವಣ ಮಾಸವೇ ಬೇಕಾಯಿತು. ನಾನು ಸಾರಿನ ಪುಡಿ ಹುರಿಯುತ್ತಿದ್ದಾಗ ಅವಳು ಅಡುಗೆಮನೆ ಕಟ್ಟೆಗೆ ಒರಗಿ ಹೇಳಿದ್ದು ಹೀಗೆ.

"ಛತ್ರದಲ್ಲಿ ಮದುವೆ ಅಂದ್ಕೊಳ್ಳಿ ಅತ್ತಿಗೆ. ಹೆಡ್ ಭಟ್ಟರ ಹತ್ರ ದೊಡ್ಡ ಪುಸ್ತಕ ಇದೆ, ಎಲ್ಲಾ ಅಡುಗೇದೂ. ಅವರು ಅದನ್ನ ಯಾರಿಗೂ ಕೊಡಲ್ಲ. ಬೇಕಾದಷ್ಟು ಚೀಟೀಲಿ ಬರೆದು ಕಳಿಸ್ತಾರೆ. ಆ ಚೀಟೀನೇ ಆರ್‌ಎನ್‌ಎ."

"ಸರಿ."

"ಚೀಟಿ ತಾನಾಗೇ ಒಲೆ ಹತ್ರ ಹೋಗಲ್ಲ. ಅದನ್ನ ಹಿಡ್ಕೊಂಡು ಓಡಾಡೋರು ಇರ್ತಾರೆ. ಪಾಯಸ ಈಗ್ಲೇ ಬೇಡ ಅಂತ ಚೀಟಿ ಮುಚ್ಚಿಟ್ಕೊಳ್ಳೋರು, ಬೇಗ ಆಗ್ಲಿ ಅನ್ನೋರು, ಕೆಲಸ ಮುಗೀತು ಅಂತ ಹರಿದು ಹಾಕೋರು. ಅವ್ರೇ ನನ್ನ ಪ್ರೋಟೀನುಗಳು."

"ಅಂದ್ರೆ ಅಡುಗೆ ಮಾಡೋರನ್ನ ಬಿಟ್ಟು ನೀನು ಚೀಟಿ ಹಿಡಿಯೋರ ಹಿಂದೆ ಬಿದ್ದಿದೀಯ."

"ಹೂಂ. ಬೇರಲ್ಲಿ ಅವ್ರು ಯಾರ್ಯಾರಿದಾರೆ, ಎಲೇಲಿ ಯಾರು, ಹೂವಲ್ಲಿ ಯಾರು ಜಾಸ್ತಿ ಅಂತ ನೋಡೋದು. ಅದಕ್ಕೆ ಅವರನ್ನ ಕರೆಸೋಕೆ ಬರೆದಿರೋ ಚೀಟಿ ಎಷ್ಟಿದೆ ಅಂತ ಅಳೀಬೇಕು."

ಚೀಟಿ ಹಿಡಿಯುವವರನ್ನು ಕರೆಸಲು ಇನ್ನೊಂದು ಚೀಟಿಯಂತೆ! ಭಗವಂತ ಗಿಡದೊಳಗೂ ಒಂದು ಆಫೀಸು ಇಟ್ಟಿದ್ದಾನೆಂದು ನನಗೆ ಆ ಹೊತ್ತಿಗೆ ತಿಳಿಯಿತು. ನಾನು ಕೈ ಮುಗಿದೆ. ಮೆಣಸಿನಕಾಯಿ ಸ್ವಲ್ಪ ಕಪ್ಪಾಯಿತು.

ಇಷ್ಟಕ್ಕೆಲ್ಲ ಅವಳು ಆರಿಸಿಕೊಂಡ ಗಿಡ ಯಾವುದು ಗೊತ್ತೆ? ಕಡಲೆಕಾಯಿ. ಬಸವನಗುಡಿಯ ಸುತ್ತಮುತ್ತ ಇರುವ ನಮಗೆ ಕಡಲೆಕಾಯಿ ಎಂದರೆ ಬೇಯಿಸಿ ತಿನ್ನುವುದು, ಸಿಪ್ಪೆಯನ್ನು ಪಕ್ಕದವರ ಕಡೆ ತಳ್ಳುವುದು. ಅದಕ್ಕೂ ಒಂದು ಹೂವಿದೆ ಎಂದು ನಾನು ನೋಡಿದ್ದು ಅರವತ್ತು ಹತ್ತಿರವಾದ ಮೇಲೆ. ಪುಟ್ಟ ಹಳದಿ ಹೂವು, ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಆಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಹೊರಟು ನೆಲದ ಕಡೆ ಇಳಿಯುತ್ತದೆ, ಮಣ್ಣೊಳಗೆ ಹೊಕ್ಕು ಅಲ್ಲಿ ಕಾಯಾಗುತ್ತದೆ. ಹೂವು ಮೇಲೆ, ಕಾಯಿ ಕೆಳಗೆ! ಆ ಸೂಜಿ ಯಾವ ಅಂಗ, ಅದರಲ್ಲಿ ಚೀಟಿ ಹಿಡಿಯುವವರು ಯಾರು ಎನ್ನುವುದೇ ಅವಳ ಪ್ರಾಣ ತಿನ್ನುವ ಪ್ರಶ್ನೆ. ಕಾಲೇಜಿನಲ್ಲಿ ಅವಳ ಪಾತಿಯಿದ್ದ ಜಾಗ ಸ್ಕೂಟರ್ ಸ್ಟ್ಯಾಂಡಾಯಿತು. ಹಾಗಾಗಿ ಕುಂಡಗಳೆಲ್ಲ ನಮ್ಮ ತಾರಸಿಗೆ ಬಂದವು. ನನ್ನ ಹಪ್ಪಳ ಸಂಡಿಗೆಗಳು ಮೂಲೆಗೆ ಸರಿದವು. ಸೂರ್ಯ ಮೂಲೆಗೂ ಬರುತ್ತಾನೆ, ಪುಣ್ಯಕ್ಕೆ.

ಗಿಡದಿಂದ ಕಿತ್ತದ್ದನ್ನು ಕಿತ್ತ ಕ್ಷಣವೇ ಲಿಕ್ವಿಡ್ ನೈಟ್ರೋಜನ್ನಿಗೆ ಹಾಕಿ ಹೆಪ್ಪುಗಟ್ಟಿಸಬೇಕು. ಇಲ್ಲದಿದ್ದರೆ ಚೀಟಿಗಳೆಲ್ಲ ಚೂರಾಗುತ್ತವೆ. ಅದನ್ನು ಅವಳು ಮಲ್ಲೇಶ್ವರದ ಕಡೆಯ ಒಂದು ಲ್ಯಾಬಿನಿಂದ ದಪ್ಪ ಫ್ಲಾಸ್ಕಿನಲ್ಲಿ ತರುತ್ತಿದ್ದಳು. ಒಮ್ಮೆ ನಾನು ಅಲ್ಲೇ ಹತ್ತಿರದ ತಂಗಿಯ ಮನೆಯಿಂದ ಅವಳ ಜೊತೆ ಆಟೋದಲ್ಲಿ ಬಂದೆ. ಹತ್ತಿದ ಕೂಡಲೇ ಅವಳು ಡ್ರೈವರಿಗೆ ಬೀಡಿ ಆರಿಸಲು ಹೇಳಿದಳು. ಪಾಪ, ಆರಿಸಿದ. ಸಿಗ್ನಲ್ಲಿನಲ್ಲಿ ನಿಂತಾಗ ಫ್ಲಾಸ್ಕಿನ ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಏಳತೊಡಗಿತು. ಅವನು ಕನ್ನಡಿಯಲ್ಲಿ ನೋಡಿದ, ಆಮೇಲೆ ತಿರುಗಿಯೇ ನೋಡಿದ.

"ಏನ್ ಮೇಡಂ ಅದು?"

"ಏನಿಲ್ಲಪ್ಪ, ಗಾಳಿ. ನೀವು ಉಸಿರಾಡ್ತಿರೋದ್ರಲ್ಲೂ ಮುಕ್ಕಾಲು ಪಾಲು ಇದೇ ಇರೋದು."

"ನಾನ್ ಉಸಿರಾಡೋದು ಹೊಗೆ ಬರಲ್ವಲ್ಲ."

"ತಣ್ಣಗೆ ಮಾಡಿದ್ರೆ ಬರತ್ತೆ."

ಅವನು "ನನ್ನ ಬೀಡಿ ಆರಿಸಿದ್ರಿ. ನಿಮ್ದು ಮಾತ್ರ ಉರೀತಾನೇ ಇದೆ" ಎಂದು ಗಾಡಿ ಬಿಟ್ಟ. ಮನೆಯ ತನಕ ಒಂದೇ ಒಂದು ಹಳ್ಳಕ್ಕೂ ಇಳಿಸದೆ ತಂದ. ಅಂಥ ಆಟೋ ಸವಾರಿ ನನ್ನ ಜನ್ಮದಲ್ಲಿ ಇನ್ನೊಂದು ಸಿಕ್ಕಿಲ್ಲ.

ಹೀಗೆ ನಗುತ್ತಾ ನಡೆಯುತ್ತಿದ್ದ ಕೆಲಸಕ್ಕೆ ಹೋದ ವರ್ಷ ಕಲ್ಲು ಬಿತ್ತು. ಬೇರು, ಕಾಂಡ, ಎಲೆ ಎಲ್ಲ ಸರಿಯಾಗಿದೆ, ಹೂವು ಮತ್ತು ಸೂಜಿಯ ಮಾದರಿಗಳು ಮಾತ್ರ ಕೆಟ್ಟಿವೆ, ಅಷ್ಟನ್ನು ಮತ್ತೆ ಮಾಡಬೇಕು ಎಂದು ಅವಳ ಗೈಡು ಹೇಳಿದರು. ಪಿಎಚ್‌ಡಿಗೆ ಕೊಟ್ಟ ಅವಧಿ ಮುಗಿಯುತ್ತಾ ಬಂದಿತ್ತು. ಅದನ್ನು ಇನ್ನೊಮ್ಮೆ ಹೆಚ್ಚಿಸುವುದಿಲ್ಲವಂತೆ. ಉಳಿದದ್ದು ಒಂದೇ ಬೆಳೆಯ ಸಮಯ. ಅದೂ ಕೆಟ್ಟರೆ ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ.

ಹೊಸ ಬೀಜ ಬಿತ್ತಿದಳು. ಗಿಡ ಹೂಬಿಟ್ಟಿತು. ಸೂಜಿಗೆ ವಯಸ್ಸು ಎಷ್ಟೆಂದು ನೋಡಿದರೆ ಗೊತ್ತಾಗುವುದಿಲ್ಲ, ಹೂವು ಅರಳಿದ ದಿನ ಗೊತ್ತಿರಬೇಕು. ಅದಕ್ಕೆ ಅವಳು ಕಸೂತಿ ದಾರದ ಡಬ್ಬಿ ತಂದಳು. ದಿನಕ್ಕೊಂದು ಬಣ್ಣ. ಬೆಳಗ್ಗೆ ಎದ್ದು, ಸ್ನಾನ ಮಾಡಿ, ಮಾಸ್ಕು ಕಟ್ಟಿ, ಮಾತಿಲ್ಲದೆ ತಾರಸಿಗೆ ಹೋಗುವಳು. ಅವತ್ತು ಅರಳಿದ ಹೂವಿನ ಬುಡಕ್ಕೆಲ್ಲ ಅವತ್ತಿನ ಬಣ್ಣದ ದಾರ ಮೃದುವಾಗಿ ಕಟ್ಟಿ ಇಳಿಯುವಳು. ನೀಲಿ ಕಟ್ಟಿದ್ದು ಸೋಮವಾರದ್ದು, ಕೆಂಪು ಮಂಗಳವಾರದ್ದು, ಹೀಗೆ.

ಇದನ್ನೆಲ್ಲ ಅತ್ತೆ ತುಳಸಿಗೆ ನೀರು ಹಾಕುತ್ತಾ ನೋಡುತ್ತಿದ್ದರು. ಬೆಳಗಿನ ಸ್ನಾನ, ಮೌನ, ಗಿಡಕ್ಕೆ ದಾರ! ಅವರ ಮುಖ ಅರಳಿತು. ನನ್ನನ್ನು ಪಕ್ಕಕ್ಕೆ ಕರೆದು, "ಏನೋ ಹರಕೆ ಹೊತ್ತಿದಾಳೆ ಕಣಮ್ಮ. ಕೇಳಬೇಡ, ಕೇಳಿದ್ರೆ ಫಲ ಹೋಗತ್ತೆ" ಎಂದರು. ನಾನು ಯಜಮಾನರಿಗೆ ಹೇಳಿದೆ, ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತೆಯ ಮನಸ್ಸಿನಲ್ಲಿ ಇನ್ನೂ ಮಗಳ ಮದುವೆಯೇ ಕೂತಿದೆಯಲ್ಲ ಎಂದು ನಮಗೆ ನಗುವೂ ಬಂತು, ಸಂಕಟವೂ ಆಯಿತು. ಸುಳ್ಳಾದರೂ ಸಂತೋಷ, ಇರಲಿ ಎಂದು ಸುಮ್ಮನಾದೆವು.

ಶುಕ್ರವಾರ ನಾದಿನಿ ದಾರ ಕಟ್ಟಿ ಕಾಲೇಜಿಗೆ ಹೋದಳು. ಸಂಜೆ ಬಂದು ಮೆಟ್ಟಿಲು ಹತ್ತಿ ಹೋದವಳು ಇಳಿಯಲೇ ಇಲ್ಲ. ನಾನು ಹೋಗಿ ನೋಡಿದೆ. ಕುಂಡಗಳ ಮಧ್ಯೆ ನಿಂತಿದ್ದಳು. ಒಂದು ಗಿಡದಲ್ಲೂ ನೀಲಿಯಿಲ್ಲ, ಕೆಂಪಿಲ್ಲ, ಹಸಿರಿಲ್ಲ. ಎಲ್ಲ ಹೂವಿನ ಬುಡದಲ್ಲೂ, ಇಳಿಯುತ್ತಿದ್ದ ಎಲ್ಲ ಸೂಜಿಯಲ್ಲೂ ಅರಿಶಿನ ಹಚ್ಚಿದ ದಾರ. ಇಡೀ ತಾರಸಿ ಮದುವೆಮನೆಯ ಹಾಗೆ ಹಳದಿ.

ಅಷ್ಟರಲ್ಲಿ ಅತ್ತೆ ಸೊಂಟ ಹಿಡಿದುಕೊಂಡು ಬಂದರು. "ನೀಲಿ ದಾರ, ಕಪ್ಪು ದಾರ ಹರಕೆಗೆ ಕಟ್ತಾರೇನೇ? ಹೇಳಿಕೊಡೋರು ಯಾರೂ ಇಲ್ವಲ್ಲ ಅಂತ ನಾನೇ ಎಲ್ಲಾ ಬಿಚ್ಚಿ ಅರಿಶಿನದ್ದು ಕಟ್ಟಿದೆ. ಮಧ್ಯಾಹ್ನ ಪೂರ್ತಿ ಹಿಡೀತು ನೋಡು."

ನಾನು ಕಣ್ಣು ಮುಚ್ಚಿಕೊಂಡೆ. ನಾದಿನಿ ಅಮ್ಮನ ತೋಳು ಹಿಡಿದು ನಿಧಾನಕ್ಕೆ ಮೆಟ್ಟಿಲಿಳಿಸಿದಳು. ಆ ದಿನ ಮೂಲಂಗಿ ಹುಳಿ. ತಟ್ಟೆಯಲ್ಲಿದ್ದುದನ್ನು ಸುಮ್ಮನೆ ತಿಂದಳು, ಬೇರು ಎನ್ನಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಯಜಮಾನರು ಅತ್ತೆಗೆ ವಿಷಯ ಬಿಡಿಸಿ ಹೇಳಿದರು. ದಾರದ ಬಣ್ಣವೇ ಅವಳ ಲೆಕ್ಕ, ಈಗ ಯಾವುದು ಯಾವತ್ತಿನದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ ಎಂದರು. ಅತ್ತೆ ಪೂರ್ತಿ ಕೇಳಿ, ಬತ್ತಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಹೋಗಿ ಮಲಗಿಬಿಟ್ಟರು.

ಮರುದಿನ ಬೆಳಗ್ಗೆ ನಾನು ಹೂಬುಟ್ಟಿ ಹಿಡಿದು ತಾರಸಿಗೆ ಹೋದರೆ ಅತ್ತೆ ಆಗಲೇ ಅಲ್ಲಿದ್ದರು. ಒಂದು ಮಣೆ ಹಾಕಿಕೊಂಡು ಕುಂಡಗಳ ಮುಂದೆ ಕೂತಿದ್ದರು, ತೊಡೆಯ ಮೇಲೆ ಕಸೂತಿ ದಾರದ ಡಬ್ಬಿ. ಹಿಂದೆಯೇ ನಾದಿನಿಯೂ ಬಂದಳು.

"ಇವತ್ತು ಅರಳಿರೋದಕ್ಕೆ ಯಾವ ಬಣ್ಣ?" ಎಂದರು ಅತ್ತೆ.

"ಬಿಡಮ್ಮ. ಆಗಿದ್ದು ಆಯ್ತು."

"ಗಿಡ ಬಿಟ್ಟಿದೆಯಾ ಹೂವು ಬಿಡೋದನ್ನ? ಅದೇ ಬಿಟ್ಟಿಲ್ಲ, ನೀನ್ಯಾಕೆ ಬಿಡ್ತೀಯ? ಬಣ್ಣ ಹೇಳು."

ನಾದಿನಿ ಗಿಡಗಳ ಕಡೆ ನೋಡಿದಳು. ಕಡಲೆಕಾಯಿಯ ಗುಣವೇ ಅದು, ವಾರಗಟ್ಟಲೆ ದಿನವೂ ಹೊಸ ಹೂವು ಬರುತ್ತಿರುತ್ತದೆ. ಅವಳ ತುಟಿ ಲೆಕ್ಕ ಹಾಕುತ್ತಿದ್ದುದು ಕಾಣಿಸಿತು. ಇವತ್ತಿನಿಂದ ಶುರುಮಾಡಿದರೆ, ಮಳೆ ಹಿಡಿದುಕೊಳ್ಳದಿದ್ದರೆ, ಅವಧಿಯೊಳಗೆ ಮುಗಿಯಬಹುದು. ಕೂದಲೆಳೆಯಷ್ಟು ಅಂತರ.

"ನೇರಳೆ," ಎಂದಳು.

ಅಲ್ಲಿಂದ ತಾರಸಿಯ ಅಧಿಕಾರ ಅತ್ತೆಯದಾಯಿತು. ಮಗಳು ಹೊಸ ಹೂವನ್ನು ಬೆರಳಲ್ಲಿ ತೋರಿಸುವುದು, ಅಮ್ಮ ದಾರ ಕಟ್ಟುವುದು. ಪೂಜೆಗೆ ಮಾಲೆ ಕಟ್ಟಿ ಪಳಗಿದ ಬೆರಳು, ಒಂದೂ ಹೂವು ಉದುರಲಿಲ್ಲ. ಪಾರಿವಾಳ ಬಂದರೆ ಅತ್ತೆ ಕೋಲು ಹಿಡಿಯುತ್ತಿದ್ದರು. ಪೇಪರ್ ಓದಲು ಬಂದ ಮಗನನ್ನು "ಸೀನಬೇಡ ಇಲ್ಲಿ" ಎಂದು ಓಡಿಸಿದರು. ಪಕ್ಕದ ಮನೆಯಾಕೆ ಪೂಜೆಗೆ ನಾಲ್ಕು ಹೂವು ಕೇಳಲು ಬಂದು, "ಸ್ನಾನ ಆಗಿದೆ ಅಮ್ಮ" ಎಂದರು.

"ಆಗಿದ್ರೂ ಮುಟ್ಟಂಗಿಲ್ಲ," ಎಂದರು ಅತ್ತೆ. "ಇದು ಬೇರೆ ಮಡಿ."

ಮಾದರಿ ತೆಗೆಯುವ ದಿನ ಬಂತು. ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ತೆಗೆಯಬೇಕು, ಹೊತ್ತು ಏರಿದರೆ ಗಿಡದೊಳಗಿನ ಚೀಟಿಗಳೂ ಬದಲಾಗುತ್ತವಂತೆ. ಮನೆಮಂದಿಗೆಲ್ಲ ಗ್ಲೌಸು, ಮಾಸ್ಕು. ನಾದಿನಿ ಹೂವು, ಸೂಜಿ ಕತ್ತರಿಸುವುದು, ನಾನು ಬಣ್ಣ ಕೂಗುವುದು, ಅತ್ತೆ ಆಯಾ ಬಣ್ಣದ ಕೊಳವೆಯ ಬಾಯಿ ತೆರೆದು ಹಿಡಿಯುವುದು, ಯಜಮಾನರು ಚಿಮಟದಲ್ಲಿ ಕೊಳವೆಯನ್ನು ಹೊಗೆಯಾಡುವ ಫ್ಲಾಸ್ಕಿಗೆ ಇಳಿಸುವುದು. ಅತ್ತೆಗೆ ಗ್ಲೌಸು ದೊಡ್ಡದಾಗಿ ಬೆರಳ ತುದಿ ಜೋಲುತ್ತಿತ್ತು. ಮಾಸ್ಕಿನೊಳಗೇ ನಾರಾಯಣ ನಾರಾಯಣ ನಡೆಯುತ್ತಿತ್ತು. ಎದುರು ತಾರಸಿಯವರು ಗಾಬರಿಯಿಂದ ಕೂಗಿ ಕೇಳಿದರು.

"ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲ ಇಲ್ಲ," ಎಂದರು ಯಜಮಾನರು. "ಕಡಲೆಕಾಯಿ ಬಿಡಿಸ್ತಿದೀವಿ."

ಆಮೇಲೆ ಕಾಯುವುದು. ನಾದಿನಿ ಫ್ಲಾಸ್ಕು ಹಿಡಿದು ಲ್ಯಾಬಿಗೆ ಹೋದವಳು ದಿನವೂ ತಡವಾಗಿ ಬರುತ್ತಿದ್ದಳು. ಕೇಳಿದರೆ "ಇನ್ನೂ ಇಲ್ಲ" ಎನ್ನುತ್ತಿದ್ದಳು. ಅತ್ತೆ ಕೇಳುತ್ತಲೂ ಇರಲಿಲ್ಲ, ಗೇಟಿನ ಸದ್ದಾದರೆ ಕಿವಿ ಮಾತ್ರ ಅತ್ತ ತಿರುಗುತ್ತಿತ್ತು.

ಒಂದು ಸಂಜೆ ಅವಳು ಬೇಗ ಬಂದಳು. ಚಪ್ಪಲಿ ಬಿಟ್ಟವಳೇ ನೇರ ಅತ್ತೆಯ ಹತ್ತಿರ ಹೋಗಿ ನೆಲದ ಮೇಲೆ ಕೂತು ಫೋನಿನಲ್ಲಿ ಲ್ಯಾಬಿನ ಪರೀಕ್ಷೆಯ ಫೋಟೋ ತೋರಿಸಿದಳು. ಕಪ್ಪು ಚೌಕದಲ್ಲಿ ಮನೆಮನೆಯಾಗಿ ಬಿಳಿ ಗೆರೆಗಳು, ಒಂದೊಂದು ಸಾಲಿನಲ್ಲಿ ಎರಡೆರಡು, ಉಜ್ಜಿ ತೊಳೆದಷ್ಟು ಸ್ಪಷ್ಟ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ವಿಭೂತಿ ಇದ್ದ ಹಾಗಿದೆ. ಮೂರಿರಬೇಕಿತ್ತಲ್ಲ?"

"ಎರಡೇ ಅಮ್ಮ. ಎರಡು ಗೆರೆ ಹೀಗೆ ಚೆನ್ನಾಗಿ ಕಂಡ್ರೆ ಕೆಟ್ಟಿಲ್ಲ ಅಂತ ಅರ್ಥ. ಹೂವೂ ಕೆಟ್ಟಿಲ್ಲ, ಸೂಜೀನೂ ಕೆಟ್ಟಿಲ್ಲ. ಗೈಡು ಬರೆಯೋಕೆ ಶುರುಮಾಡು ಅಂದ್ರು."

ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. "ಸದ್ಯ. ಹರಕೆ ನಡೀತು."

ಯಜಮಾನರು ಬಾಗಿಲಲ್ಲೇ ನಕ್ಕರು. "ಅಮ್ಮ, ನೀನು ಹರಕೆ ಅಂದಿದ್ದು ಅವಳ ಮದುವೆಗಲ್ವಾ?"

"ಮದುವೆಗಾ?" ಅತ್ತೆ ಅವರನ್ನು ದಡ್ಡನನ್ನು ನೋಡಿದ ಹಾಗೆ ನೋಡಿದರು. "ಆ ಹರಕೆ ಬಿಟ್ಟು ಎಷ್ಟು ವರ್ಷ ಆಯ್ತೋ. ಇವಳದ್ದು ಅದೇನೋ ಕೆಟ್ಟುಹೋಗ್ತಾನೇ ಇರತ್ತಲ್ಲ. ಅದು ಕೆಡದೆ ಇರಲಿ ಅಂತ ಒಂದೊಂದು ದಾರಕ್ಕೂ ಕೇಳ್ಕೊಂಡೆ. ಏನು ಅಂತ ನನಗೆ ಗೊತ್ತಿಲ್ಲ. ಮೇಲಿರೋನಿಗೆ ಗೊತ್ತಿರತ್ತಲ್ಲ."

ನಾದಿನಿ ಫೋನನ್ನು ಪಕ್ಕಕ್ಕಿಟ್ಟು, ಅದು ಏನು ಅಂತ ಅಮ್ಮನಿಗೆ ಮೊದಲಿಂದ ಹೇಳತೊಡಗಿದಳು. ಇಷ್ಟು ವರ್ಷದಲ್ಲಿ ನನಗೆ ಹೇಳಿದ್ದಳು, ಆಟೋದವನಿಗೂ ಹೇಳಿದ್ದಳು, ಅಮ್ಮನಿಗೆ ಹೇಳಿರಲಿಲ್ಲ. ಗಿಡದ ಒಂದೊಂದು ಜೀವಕೋಶದಲ್ಲೂ ಇಡೀ ಗಿಡದ ವಿಷಯ ಇರುತ್ತದೆ, ಎಲೆಯಲ್ಲೂ ಅದೇ, ಹೂವಿನಲ್ಲೂ ಅದೇ, ಮಣ್ಣೊಳಗಿನ ಬೇರಿನಲ್ಲೂ ಅದೇ ಎಂದಳು. ಕುಕ್ಕರ್ ಕೂಗಿತು. ನಾನು ಹೋಗಿ ಒಲೆ ಆರಿಸಿ, ಮತ್ತೆ ಬಂದು ಬಾಗಿಲಿಗೆ ಒರಗಿ ನಿಂತೆ.

"ಹಾಗಾದ್ರೆ," ಎಂದರು ಅತ್ತೆ, ಯೋಚಿಸಿ ಯೋಚಿಸಿ, "ಹೂವು ಅಂದ್ರೆ ಏನು ಅಂತ ಬೇರಿಗೂ ಗೊತ್ತಿರತ್ತಾ?"

"ಗೊತ್ತಿರತ್ತೆ ಅಮ್ಮ," ಎಂದಳು ನನ್ನ ನಾದಿನಿ. "ಎಲ್ಲಾ ಗೊತ್ತಿರತ್ತೆ. ಬಾಯಿಬಿಟ್ಟು ಹೇಳಲ್ಲ ಅಷ್ಟೆ."